ವೀಕ್ಷಕ ವಿವರಣೆ: ಇಲ್ಲಿ ವೀಕ್ಷಕ ಯಾರು?

ಅಮೆರಿಕದ ಬೇಸ್‌ಬಾಲ್ ಪಂದ್ಯಗಳ ರೇಡಿಯೊ, ಟಿವಿ ಕಾಮೆಂಟೇಟರ್ ವಿನ್ ಸ್ಕಲ್ಲಿಯನ್ನು ನೆನೆದು ಬರೆದ ಕನ್ನಡ ಟಿಪ್ಪಣಿಯೊಂದನ್ನು ಕಳೆದ ವಾರ ಓದಿದೆ. ಮೊದಲ ಸಾಲಿನಲ್ಲಿ ಅವರು ‘ಜನಪ್ರಿಯ ನಿರೂಪಕ’. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ‘ಕ್ರೀಡಾ ವಿಶ್ಲೇಷಕ’. ಕೊನೆಯಲ್ಲಿ ‘ವೀಕ್ಷಕರಿಗೆ ವಿವರಣೆ ನೀಡುತ್ತಿದ್ದ ಧ್ವನಿ’. 2022ರ ಆಗಸ್ಟ್ 2ರಂದು ಅವರು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡಾಗಲೂ ಇವೇ ಮೂರು ಮಾತುಗಳನ್ನು ಕಂಡಿದ್ದೆ, ಆಗ ಸುಮ್ಮನಿದ್ದೆ. ಮೊದಲ ಎರಡನ್ನು ಅವಸರದ ತಪ್ಪೆಂದು ಈಗಲೂ ಬಿಟ್ಟುಬಿಡಬಹುದು. ಮೂರನೆಯದನ್ನು ಬಿಡಲು ಮನಸ್ಸು ಒಪ್ಪುತ್ತಿಲ್ಲ. ಅದು ಕನ್ನಡ ರೇಡಿಯೊ ಬಳಸಿ ಬೆಳೆಸಿದ ಒಂದು ಒಳ್ಳೆಯ ಪದವನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತದೆ.

ಪದ ‘ವೀಕ್ಷಕ ವಿವರಣೆ’. ಅದರಲ್ಲಿರುವ ವೀಕ್ಷಕ ಕೇಳುಗನಲ್ಲ, ಮಾತನಾಡುವವನು. ಸಮಾಸವನ್ನು ಬಿಡಿಸಿದರೆ ‘ವೀಕ್ಷಕನ ವಿವರಣೆ’ ಎಂದಾಗಬೇಕೇ ಹೊರತು ‘ವೀಕ್ಷಕರಿಗೆ ವಿವರಣೆ’ ಎಂದಲ್ಲ. ಮೈದಾನದಲ್ಲಿ ಕುಳಿತು ನೋಡುತ್ತಿರುವವನು, ನೋಡಲಾಗದೆ ದೂರದಲ್ಲಿರುವವರಿಗೆ ಹೇಳುವ ಮಾತು ಅದು. ಹಿಂದಿ ರೇಡಿಯೊ ಇದನ್ನೇ ‘ಆಂಖೋಂ ದೇಖಾ ಹಾಲ್’ ಎಂದು ಕರೆಯಿತು: ಕಣ್ಣಾರೆ ಕಂಡ ಸ್ಥಿತಿ. ಅಲ್ಲಿಯೂ ಕಣ್ಣು ಹೇಳುವವನದು. ಮೈಸೂರು ಆಕಾಶವಾಣಿಯಿಂದ ಜಂಬೂ ಸವಾರಿಯ ವೀಕ್ಷಕ ವಿವರಣೆ ಬರುವಾಗ ನಮ್ಮ ಮನೆಯಲ್ಲಿ ಯಾರೂ ಏನನ್ನೂ ವೀಕ್ಷಿಸುತ್ತಿರಲಿಲ್ಲ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೈ ಮುಗಿಯುತ್ತಿದ್ದರು. ಅಂಬಾರಿ ಬಲರಾಮ ದ್ವಾರ ದಾಟಿತೆಂದು ರೇಡಿಯೊ ಹೇಳಿದರೆ ನಮ್ಮ ನಡುಮನೆಯಲ್ಲಿ ಅದು ದಾಟಿದಂತೆಯೇ.

ಗೊಂದಲ ಎಲ್ಲಿಂದ ಬಂತೆಂಬುದು ಗೊತ್ತಿರುವುದೇ. ಟಿವಿ ಬಂದ ಮೇಲೆ ‘ಪ್ರಿಯ ವೀಕ್ಷಕರೇ’ ಎಂಬ ಸಂಬೋಧನೆ ಮನೆಮಾತಾಯಿತು. ಸೋಫಾದ ಮೇಲೆ ಕುಳಿತವರೆಲ್ಲ ವೀಕ್ಷಕರಾದರು. ಆ ಬಳಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಚುನಾವಣಾ ವೀಕ್ಷಕರು ಎಂದಾಗ ಯಾರೂ ಅವರನ್ನು ಟಿವಿ ನೋಡುವವರೆಂದು ತಿಳಿಯುವುದಿಲ್ಲ. ಇತರರ ಪರವಾಗಿ ಹೋಗಿ, ಕಣ್ಣಿಟ್ಟು ನೋಡಿ, ಕಂಡದ್ದನ್ನು ವರದಿ ಮಾಡುವ ಹೊಣೆ ಹೊತ್ತವರು ಎಂದೇ ತಿಳಿಯುತ್ತೇವೆ. ವೀಕ್ಷಕ ವಿವರಣೆಯ ವೀಕ್ಷಕನೂ ಅದೇ ಜಾತಿಯವನು.

ಮೂಲ ಧಾತು ‘ಈಕ್ಷ್’, ನೋಡು. ಕನ್ನಡ ಇದರ ಸಂತಾನವನ್ನೆಲ್ಲ ಸಾಕಿಕೊಂಡಿದೆ: ಪರೀಕ್ಷೆ, ನಿರೀಕ್ಷೆ, ಸಮೀಕ್ಷೆ, ಅಪೇಕ್ಷೆ, ಉಪೇಕ್ಷೆ. ಸುತ್ತಲೂ ನೋಡಿದರೆ ಪರೀಕ್ಷೆ, ಬರುವುದನ್ನು ಎದುರು ನೋಡಿದರೆ ನಿರೀಕ್ಷೆ, ನೋಡಿಯೂ ನೋಡದಂತಿದ್ದರೆ ಉಪೇಕ್ಷೆ. ‘ಪ್ರ’ ಸೇರಿದರೆ ಪ್ರೇಕ್ಷಕ, ರಂಗದ ಮುಂದೆ ಕುಳಿತು ನೋಡುವವನು. ‘ವಿ’ ಸೇರಿದರೆ ವೀಕ್ಷಕ, ಬಿಡಿಬಿಡಿಯಾಗಿ, ವಿಶೇಷವಾಗಿ ನೋಡುವವನು. ಕ್ರೀಡಾಂಗಣದಲ್ಲಿ ಐವತ್ತು ಸಾವಿರ ಪ್ರೇಕ್ಷಕರಿರಬಹುದು. ಆ ಹಳೆಯ ಅರ್ಥದಲ್ಲಿ ವೀಕ್ಷಕ ಒಬ್ಬನೇ.

ಇನ್ನು ‘ವಿವರಣೆ’. ಇದರ ಬೇರು ನನಗೆ ಇನ್ನೂ ಹೆಚ್ಚು ಪ್ರಿಯ. ‘ವೃ’ ಎಂದರೆ ಮುಚ್ಚು, ಹೊದಿಸು. ಆವರಣ ಎಂದರೆ ಮುಚ್ಚಿದ್ದು, ಸುತ್ತುವರಿದದ್ದು. ಪ್ರತಿಮೆಯ ಮೇಲಿನ ಬಟ್ಟೆ ಸರಿಸಿದರೆ ಅನಾವರಣ. ವಿವರಣವೂ ಅದೇ ಕೆಲಸ: ಮುಚ್ಚಿದ್ದನ್ನು ತೆರೆಯುವುದು. ಬಾಯಿ ತೆರೆದು ಉಚ್ಚರಿಸುವ ಸ್ವರವನ್ನು ವ್ಯಾಕರಣದವರು ವಿವೃತ ಎನ್ನುವುದೂ ಇದರಿಂದಲೇ. ಸಂಸ್ಕೃತದಲ್ಲಿ ‘ವಿವರ’ ಎಂದರೆ ರಂಧ್ರ, ಬಿಲ, ತೆರಪು. ಕಿವಿಯ ತೂತು ಕರ್ಣವಿವರ. ಹೀಗಾಗಿ ವಿವರಣೆ ಎಂದರೆ ಮಾತಿನ ಮೇಲೆ ಮಾತು ಪೇರಿಸುವುದಲ್ಲ. ಕೇಳುಗನಿಗೂ ಘಟನೆಗೂ ನಡುವೆ ಇರುವ ಪರದೆಯನ್ನು ಸರಿಸುವುದು. ದೂರ ಒಂದು ಪರದೆ, ಕತ್ತಲೆ ಒಂದು ಪರದೆ. ಒಮ್ಮೊಮ್ಮೆ ಹೇಳುವವನ ಸ್ವರವೇ ಪರದೆಯಾಗುತ್ತದೆ. ಆಗ ಅದನ್ನೂ ಸರಿಸಬೇಕು. ಇದನ್ನು ಸ್ಕಲ್ಲಿಯಷ್ಟು ಚೆನ್ನಾಗಿ ಬಲ್ಲವರು ವಿರಳ. ಅದಕ್ಕೇ ಅವರ ಹೆಸರಿನ ಪಕ್ಕದಲ್ಲಿ ತಪ್ಪು ಪದ ಕಂಡರೆ ನನಗೆ ಸಹಿಸಲಾಗುವುದಿಲ್ಲ.

ನಿರೂಪಕ ಎಂಬುದು ಏಕೆ ತಪ್ಪೆಂದು ಮೊದಲು ಹೇಳಿಬಿಡುತ್ತೇನೆ. ನಿರೂಪಣೆಯಲ್ಲಿ ರೂಪ ಕೊಡುವ ಕೆಲಸವಿದೆ. ಕಥೆಯ ನಿರೂಪಕನಿಗೆ ಅಂತ್ಯ ಗೊತ್ತು. ಕಾರ್ಯಕ್ರಮದ ನಿರೂಪಕನ ಕೈಯಲ್ಲಿ ಮುಂದೇನೆಂದು ಬರೆದ ಹಾಳೆಯಿದೆ. ವೀಕ್ಷಕನಿಗೆ ಮುಂದಿನ ಎಸೆತದಲ್ಲಿ ಏನಾಗುತ್ತದೆಂಬುದು ಗೊತ್ತಿಲ್ಲ, ಕೇಳುಗನಿಗೆ ಗೊತ್ತಿಲ್ಲದಷ್ಟೇ. ವಿಶ್ಲೇಷಕನೋ ಘಟನೆ ಮುಗಿದ ಮೇಲೆ ಬಂದು ಬಿಡಿಸಿ ತೋರಿಸುವವನು. ಅಮೆರಿಕದ ಪ್ರಸಾರ ಕೋಣೆಗಳಲ್ಲಿ ಸಾಮಾನ್ಯವಾಗಿ ಈ ಇಬ್ಬರಿಗೂ ಬೇರೆ ಬೇರೆ ಕುರ್ಚಿಗಳಿರುತ್ತವೆ. ಸ್ಕಲ್ಲಿ ಡಾಡ್ಜರ್ಸ್ ತಂಡದ ಪ್ರಸಾರದಲ್ಲಿ ಬಹುಪಾಲು ಒಬ್ಬರೇ ಕುಳಿತರು. ಪಕ್ಕದಲ್ಲಿ ಇನ್ನೊಬ್ಬನಿದ್ದರೆ ಮಾತು ಅವನ ಕಡೆಗೆ ತಿರುಗುತ್ತದೆ, ತಾನು ಮಾತನಾಡಬೇಕಾದದ್ದು ಕೇಳುಗನೊಂದಿಗೆ ಎಂಬುದು ಅವರ ನಿಲುವು.

ಅವರು 1927ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದರು. ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೊ ಇತ್ತು. ಹುಡುಗ ಅದರ ಕೆಳಗೆ ತೂರಿಕೊಂಡು ಮಲಗಿ, ತನಗೆ ಸಂಬಂಧವೇ ಇಲ್ಲದ ಯಾವುದೋ ಕಾಲೇಜಿನ ಫುಟ್‌ಬಾಲ್ ಪಂದ್ಯ ಕೇಳುತ್ತಿದ್ದ. ಆಟಕ್ಕಿಂತ ಹೆಚ್ಚಾಗಿ ಜನರ ಘೋಷ ತನ್ನ ಮೇಲೆ ನೀರಿನಂತೆ ಸುರಿಯುವುದು ಅವನಿಗೆ ಬೇಕಿತ್ತು. ಇದನ್ನು ಅವರು ಜೀವನವಿಡೀ ಹೇಳುತ್ತಿದ್ದರು, ಮುಂದಿನದೆಲ್ಲ ಅರ್ಥವಾಗುವುದೂ ಇದರಿಂದಲೇ.

1950ರಲ್ಲಿ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪ್ರಸಾರ ಕೋಣೆಗೆ ಬಂದರು. ಅಲ್ಲಿದ್ದ ಹಿರಿಯ ರೆಡ್ ಬಾರ್ಬರ್ ಅವರಿಗೆ ಗುರುವಾದರು. ಬೇರೆಯವರನ್ನು ಅನುಕರಿಸಬೇಡ, ಈ ಕೋಣೆಗೆ ನೀನು ಮಾತ್ರ ತರಬಲ್ಲದ್ದು ನಿನ್ನನ್ನೇ ಎಂಬ ಅರ್ಥದ ಬುದ್ಧಿಮಾತು ಅವರದು. ಇನ್ನೊಂದು ಪಾಠ, ಪಕ್ಷ ವಹಿಸದಿರುವುದು. ಸ್ಕಲ್ಲಿ ಡಾಡ್ಜರ್ಸ್ ತಂಡದಿಂದಲೇ ಸಂಬಳ ಪಡೆದರೂ ತಂಡವನ್ನು ‘ನಾವು’ ಎಂದು ಕರೆಯಲಿಲ್ಲ. ಇದನ್ನು ಬರೀ ಶಿಷ್ಟಾಚಾರವೆಂದು ನೋಡಬಾರದು. ‘ನಾವು ಗೆದ್ದೆವು’ ಎಂದವನು ಆಟಗಾರರ ಸಾಲಿಗೆ ಸೇರಿಕೊಂಡ. ನೋಡುವ ಜಾಗ ಖಾಲಿಯಾಯಿತು. ನಮ್ಮ ಕ್ರಿಕೆಟ್ ವಿವರಣೆಗಳನ್ನು ಕೇಳುವಾಗ ಎಷ್ಟೋ ಸಲ ಆ ಖಾಲಿ ಜಾಗ ನನ್ನನ್ನು ಕಾಡಿದೆ.

1958ರಲ್ಲಿ ತಂಡ ಲಾಸ್ ಏಂಜಲೀಸ್‌ಗೆ ಸ್ಥಳಾಂತರಗೊಂಡಿತು. ಮೊದಲ ನಾಲ್ಕು ವರ್ಷ ಅದು ಆಡಿದ್ದು ಕೊಲಿಸಿಯಂ ಎಂಬ ವಿಶಾಲ ಅಂಗಣದಲ್ಲಿ. ಓಟದ ಸ್ಪರ್ಧೆಗೂ ಫುಟ್‌ಬಾಲಿಗೂ ಕಟ್ಟಿದ ಅಂಗಣ ಅದು, ಬೇಸ್‌ಬಾಲಿಗೆ ಕಟ್ಟಿದ್ದಲ್ಲ. 1959ರಲ್ಲಿ, ವರ್ಷದ ಚಾಂಪಿಯನ್ ತಂಡವನ್ನು ನಿರ್ಧರಿಸುವ ವರ್ಲ್ಡ್ ಸೀರೀಸ್‌ನ ಒಂದು ಪಂದ್ಯಕ್ಕೆ ಅಲ್ಲಿ 92,706 ಜನ ಸೇರಿದ್ದರು. ಅವರಲ್ಲಿ ಎಷ್ಟೋ ಮಂದಿಗೆ ಆಟಗಾರರು ಇರುವೆಗಳಂತೆ ಕಾಣುವಷ್ಟು ದೂರ. ಮೇಜರ್ ಲೀಗ್ ಮಟ್ಟದ ಆಟವೂ ಆ ಊರಿಗೆ ಹೊಸದು. ಆಗ ಟ್ರಾನ್ಸಿಸ್ಟರ್ ರೇಡಿಯೊ ಕೈಗೆ ಬಂದಿತ್ತು. ಜನ ಟಿಕೆಟ್ ಕೊಂಡು ಒಳಗೆ ಕುಳಿತು, ಕಣ್ಣೆದುರು ನಡೆಯುತ್ತಿರುವ ಆಟವನ್ನೇ ಕಿವಿಗೆ ರೇಡಿಯೊ ಹಚ್ಚಿಕೊಂಡು ಸ್ಕಲ್ಲಿಯ ಬಾಯಿಂದ ಕೇಳತೊಡಗಿದರು. 1962ರಲ್ಲಿ ಡಾಡ್ಜರ್ ಸ್ಟೇಡಿಯಂ ತೆರೆದು ಆಟ ಹತ್ತಿರ ಬಂದ ಮೇಲೂ ಈ ಅಭ್ಯಾಸ ಉಳಿಯಿತು. ಎಲ್ಲ ಕಡೆಯ ಚಿಕ್ಕ ಚಿಕ್ಕ ರೇಡಿಯೊಗಳಿಂದ ಒಂದೇ ಧ್ವನಿ ಎದ್ದು ಅಂಗಣವನ್ನೇ ತುಂಬುತ್ತಿತ್ತು. ಒಮ್ಮೆ 1960ರಲ್ಲಿ, ಇವತ್ತು ಒಬ್ಬ ಅಂಪೈರ್‌ನ ಹುಟ್ಟುಹಬ್ಬ, ನಾನು ಮೂರು ಎಣಿಸಿದೊಡನೆ ಎಲ್ಲರೂ ಶುಭಾಶಯ ಹೇಳಿ ಎಂದು ಅವರು ರೇಡಿಯೊದಲ್ಲಿ ಕೇಳಿಕೊಂಡರು. ಅಂಗಣ ಒಕ್ಕೊರಲಿನಿಂದ ಕೂಗಿತು. ಪ್ರೇಕ್ಷಕರ ನಡುವೆ ವೀಕ್ಷಕನ ಸ್ಥಾನವೇನೆಂದು ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ. ತಾವೇ ನೋಡುತ್ತಿದ್ದವರಿಗೂ ಅವರ ನೋಟ ಬೇಕಾಗಿತ್ತು.

1965ರ ಸೆಪ್ಟೆಂಬರ್ 9ರ ರಾತ್ರಿ ಡಾಡ್ಜರ್ಸ್ ತಂಡದ ಪಿಚರ್ (ಚೆಂಡು ಎಸೆಯುವ ಆಟಗಾರ) ಸ್ಯಾಂಡಿ ಕೋಫ್ಯಾಕ್ಸ್ ಪರ್ಫೆಕ್ಟ್ ಗೇಮ್ ಎಸೆಯುವ ಹಂತದಲ್ಲಿದ್ದರು. ಎದುರಾಳಿಯ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸ್ ಕೂಡ ಮುಟ್ಟದಂತೆ ಪಂದ್ಯ ಮುಗಿಸುವುದು ಪರ್ಫೆಕ್ಟ್ ಗೇಮ್. ಕೊನೆಯ ಇನ್ನಿಂಗ್ಸ್‌ನಲ್ಲಿ ಸ್ಕಲ್ಲಿ ನಡುನಡುವೆ ಗಡಿಯಾರದ ಸಮಯ ಹೇಳುತ್ತಾ ಹೋದರು. ಧ್ವನಿಮುದ್ರಣ ಮುಂದೊಂದು ದಿನ ಆ ಆಟಗಾರನ ಕೈ ಸೇರಿದಾಗ ಅದು ಯಾವ ಗಳಿಗೆ ಎಂಬುದು ಅವನಿಗೆ ತಿಳಿಯಲಿ ಎಂಬ ಕಾಳಜಿ. ಅಂಗಣದಲ್ಲಿ ಇಪ್ಪತ್ತೊಂಬತ್ತು ಸಾವಿರ ಜನರೂ ಹತ್ತು ಲಕ್ಷ ಚಿಟ್ಟೆಗಳೂ ಇವೆ ಎಂದರು. ಎದೆ ಡವಗುಟ್ಟುವುದನ್ನು ಇಂಗ್ಲಿಷಿನವರು ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತೆ ಎನ್ನುತ್ತಾರೆ. ಆ ಸವೆದ ನುಡಿಗಟ್ಟಿನ ಚಿಟ್ಟೆಗಳನ್ನು ಅವರು ಅಂಗಣದ ಮೇಲೆಲ್ಲ ಹಾರಿಬಿಟ್ಟರು. ಕೊನೆಯ ಬ್ಯಾಟರ್ ಔಟಾದ. ಸ್ಕಲ್ಲಿ ಮಾತು ನಿಲ್ಲಿಸಿದರು. ಜನರ ಘೋಷವೊಂದೇ ರೇಡಿಯೊದಲ್ಲಿ ಹರಿಯಿತು. ಆಮೇಲೆ ಅವರು ಹೇಳಿದ್ದು ಗಂಟೆ 9:46 ಎಂದು.

1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಏರನ್ ತಮ್ಮ 715ನೆಯ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು ಹಿಂದಿನ ದಿಗ್ಗಜ ಬೇಬ್ ರೂತ್ ಅವರ ಜೀವಮಾನದ ದಾಖಲೆ ಮುರಿದಾಗಲೂ ಹೀಗೆಯೇ. ಚೆಂಡು ಬೇಲಿ ದಾಟಿತೆಂದು ಹೇಳಿ ಮೌನವಾದರು. ಜನ ಕೂಗುತ್ತಿದ್ದರು, ಪಟಾಕಿ ಸಿಡಿಯುತ್ತಿತ್ತು. ಮತ್ತೆ ಬಾಯಿ ತೆರೆದಾಗ ಅವರು ಅಂಕಿಅಂಶಕ್ಕೆ ಹೋಗಲಿಲ್ಲ. ಅಮೆರಿಕದ ದಕ್ಷಿಣದ ಒಡಲಿನಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದರು. ವರ್ಣಭೇದ ಬೇರೂರಿದ್ದ ಆ ಸೀಮೆಯಲ್ಲಿ, ಎಲ್ಲರ ಕಣ್ಣೆದುರೇ ಇದ್ದರೂ ಮುಚ್ಚಿಕೊಂಡಿದ್ದ ಸತ್ಯವದು. ವಿವರಣೆ ಎಂಬ ಪದದ ಧಾತ್ವರ್ಥ ಇಷ್ಟು ನೇರವಾಗಿ ನಡೆದು ತೋರಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

1988ರ ವರ್ಲ್ಡ್ ಸೀರೀಸ್ ಟಿವಿಯಲ್ಲಿ. ಕಾಲು ನೋವಿನಿಂದ ಸರಿಯಾಗಿ ನಡೆಯಲೂ ಆಗದ ಕರ್ಕ್ ಗಿಬ್ಸನ್ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಬಂದು ಹೊಡೆದ ಹೋಮ್ ರನ್‌ನಿಂದ ಪಂದ್ಯ ಮುಗಿಯಿತು. ಒಂದು ನಿಮಿಷಕ್ಕೂ ಹೆಚ್ಚು ಕಾಲ ಸ್ಕಲ್ಲಿ ಒಂದಕ್ಷರ ಆಡಲಿಲ್ಲ. ಟಿವಿಯಲ್ಲಿ ಒಂದು ನಿಮಿಷ ಎಷ್ಟು ಉದ್ದವೆಂದು ಗಡಿಯಾರ ಹಿಡಿದು ನೋಡಬೇಕು. ಇವತ್ತಿನ ವಿವರಣೆಯಲ್ಲಿ ಚೆಂಡು ಬೌಂಡರಿ ದಾಟುವ ಮೊದಲೇ ಕಿರುಚಾಟ ಶುರುವಾಗಿ, ಜಾಹೀರಾತು ಬರುವ ತನಕ ನಿಲ್ಲುವುದಿಲ್ಲ. ನೋಡುವವನ ಉದ್ವೇಗ ನೋಟವನ್ನೇ ಮುಚ್ಚಿಬಿಡುತ್ತದೆ. ಅದನ್ನು ವಿವರಣೆ ಎನ್ನಲು ನನ್ನ ನಾಲಗೆ ಏಳುವುದಿಲ್ಲ, ಆವರಣೆ ಎಂಬ ಪದವಿದ್ದರೆ ಅದು ಸರಿಹೊಂದುತ್ತಿತ್ತು.

‘ಪ್ರಸಾರ’ದ ಬಗ್ಗೆ ಒಂದೇ ಮಾತು. ಅದು ‘ಸೃ’ ಧಾತುವಿನದು, ಮುಂದೆ ಹರಿಯುವುದು. ಇಂಗ್ಲಿಷಿನಲ್ಲಿ ಇದಕ್ಕಿರುವ ಬ್ರಾಡ್‌ಕಾಸ್ಟ್ ಎಂಬ ಪದ ರೇಡಿಯೊಗಿಂತ ಹಳೆಯದು, ಹೊಲದ ಪದ: ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತದೆ ಕೈಯಿಂದ ಅಗಲವಾಗಿ ಚೆಲ್ಲಿ ಬಿತ್ತುವುದು. ಚೆಲ್ಲಿದ ಬೀಜ ಎಲ್ಲಿ ಬಿದ್ದಿತೆಂದು ಚೆಲ್ಲಿದವನಿಗೆ ಗೊತ್ತಾಗುವುದಿಲ್ಲ. ನೀವು ಎಲ್ಲೇ ಇರಿ, ನಿಮಗೆ ಶುಭ ಸಂಜೆ ಎಂಬರ್ಥದ ಮಾತಿನಿಂದ ಸ್ಕಲ್ಲಿ ದಿನವೂ ಆರಂಭಿಸುತ್ತಿದ್ದುದು ಆ ಕಾಣದ ನೆಲಕ್ಕೆ.

67 ಋತುಗಳ ನಂತರ, 2016ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವರು ಕೊನೆಯ ಪಂದ್ಯ ವಿವರಿಸಿದರು. ಒಂದು ಜೀವಮಾನಕ್ಕೆ ಸಾಕಾಗುವಷ್ಟು ಮಾತನಾಡಿದ್ದೇನೆ ಎಂದು ಹೇಳಿ ಎದ್ದರು. ಅಷ್ಟರಲ್ಲಿ ಕ್ರೀಡಾಂಗಣದ ಮುಂದಿನ ರಸ್ತೆಗೇ ಅವರ ಹೆಸರಿಟ್ಟಾಗಿತ್ತು. ಆರು ವರ್ಷಗಳ ನಂತರ ಸಾವಿನ ಸುದ್ದಿ ಬಂದಾಗ ಜನ ಅಲ್ಲಿಗೆ ಬಂದು ಹೂವು, ಮೋಂಬತ್ತಿ, ನೀಲಿ ಟೋಪಿಗಳನ್ನು ಇಟ್ಟರು. ಹಾಗೆ ಬಂದವರ ಮಾತುಗಳಲ್ಲಿ ಪಂದ್ಯಗಳಿಗಿಂತ ಹೆಚ್ಚಾಗಿ ಅಪ್ಪನ ಕಾರು, ಅಜ್ಜನ ಅಡುಗೆಮನೆಯ ರೇಡಿಯೊ, ದಿಂಬಿನ ಕೆಳಗೆ ಬಚ್ಚಿಟ್ಟ ಟ್ರಾನ್ಸಿಸ್ಟರ್ ಇದ್ದವು. ನಿರೂಪಕನೊಬ್ಬ ತೀರಿಕೊಂಡರೆ ಕಾರ್ಯಕ್ರಮ ನೆನಪಾಗುತ್ತದೆ. ಇಲ್ಲಿ ಜನಕ್ಕೆ ನೆನಪಾದದ್ದು ತಾವು ಕೇಳುತ್ತಾ ಕುಳಿತಿದ್ದ ಜಾಗ, ಪಕ್ಕದಲ್ಲಿದ್ದವರು. ಅರವತ್ತೇಳು ವರ್ಷ ತಮ್ಮ ಪರವಾಗಿ ನೋಡಿದ ಕಣ್ಣಿಗೆ ಅವರು ಅತ್ತರು.

ಆಗಸ್ಟ್ 5ರಂದು ತಂಡ ತವರಿಗೆ ಮರಳಿತು. ಆಟಗಾರರ ಅಂಗಿಯ ಮೇಲೆ ಮೈಕ್ ಚಿತ್ರದ ಕಪ್ಪು ಪಟ್ಟಿ. ಪಂದ್ಯಕ್ಕೆ ಮೊದಲು ತಂಡದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಮೈಕಿನ ಮುಂದೆ ನಿಂತು, ಸ್ಕಲ್ಲಿ ಶುಭ ಸಂಜೆಗೂ ಮೊದಲು ಹೇಳಿ ಪ್ರಸಾರ ತೆರೆಯುತ್ತಿದ್ದ ಸಾಲನ್ನು ಎಲ್ಲರಿಂದ ಹೇಳಿಸಿದರು: ಡಾಡ್ಜರ್ ಬೇಸ್‌ಬಾಲಿಗೆ ಸಮಯವಾಯಿತು. ಸಾವಿರಾರು ಪ್ರೇಕ್ಷಕರು ಅದನ್ನು ಕೂಗಿ ಹೇಳಿದರು, ಆಟ ಶುರುವಾಯಿತು.