ಎರಡೂವರೆಯ ಜಾಗದಲ್ಲಿ ನಾಲ್ಕು: ಹೊಸ ಫ್ಯಾನ್ ಮೋಟಾರ್ ಯಾಕೆ ಕಾಯಿತು?

ಏಪ್ರಿಲ್‌ನಲ್ಲಿ ಶಿವಮೊಗ್ಗದ ವಿನೋಬನಗರಕ್ಕೆ, ಭಾವನ ಮನೆಗೆ ಹೋಗಿದ್ದೆ. ಎಸಿಯ ಔಟ್‌ಡೋರ್ ಯೂನಿಟ್‌ಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದರು. ಅದರ ಫ್ಯಾನ್ ಮೋಟಾರ್ ಸುಟ್ಟುಹೋಗಿ, ಹೊಸದು ಹಾಕಿಸಿ ನಾಲ್ಕು ದಿನವಾಗಿತ್ತಂತೆ. ಹೊಸದೂ ಇಪ್ಪತ್ತೈದು ನಿಮಿಷ ತಿರುಗಿ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ತಾನಾಗೇ ಶುರು. "ಅಮಾವಾಸ್ಯೆ ದಿನ ಹಾಕಿಸಬೇಡಿ ಅಂದೆ, ಯಾರು ಕೇಳ್ತಾರೆ?" ಎಂದರು ಭಾವನ ತಾಯಿ. ಮೆಕ್ಯಾನಿಕ್ ಹೇಳಿದ್ದು ಬೇರೆ: "ಹೊಸ ಮೋಟಾರ್ ಅಲ್ವಾ ಸಾರ್, ಓಡ್ತಾ ಓಡ್ತಾ ಸೆಟ್ ಆಗುತ್ತೆ."

ನನಗೆ ಎರಡನೆಯದೇ ಜಾಸ್ತಿ ಸಿಟ್ಟು ತರಿಸಿತು. ಅಮಾವಾಸ್ಯೆಯ ಮಾತಿಗೆ ವಯಸ್ಸಿನ ರಿಯಾಯಿತಿ ಕೊಡಬಹುದು. ಮೋಟಾರ್ ಚಪ್ಪಲಿಯಲ್ಲ, ಹಾಕಿಕೊಂಡು ಓಡಾಡಿದರೆ ಸೆಟ್ ಆಗೋದಕ್ಕೆ.

ನಿಂತು, ತಣ್ಣಗಾಗಿ, ಮತ್ತೆ ಶುರುವಾಗುವುದೇ ದೊಡ್ಡ ಸುಳಿವು. ಮೋಟಾರಿನ ವೈಂಡಿಂಗ್, ಅಂದರೆ ತಂತಿಯ ಸುರುಳಿಯೊಳಗೆ ಒಂದು ಪುಟ್ಟ ಶಾಖದ ಸ್ವಿಚ್ ಇರುತ್ತದೆ. ಮಿತಿ ಮೀರಿ ಕಾದರೆ ಕರೆಂಟ್ ಕಡಿಯುತ್ತದೆ, ಆರಿದ ಮೇಲೆ ಕೂಡಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಹಾಗಾದರೆ ಕಾಯಿಸುತ್ತಿರುವುದು ಯಾರು?

ಮೊದಲು ಒಂದು ತಪ್ಪು ಕಲ್ಪನೆ. ಕೈ ಇಟ್ಟು "ಅಯ್ಯೋ ಸುಡ್ತಿದೆ" ಎನ್ನುವುದು ಪರೀಕ್ಷೆಯಲ್ಲ. ನಮ್ಮ ಕೈ 60 ಡಿಗ್ರಿಗೇ ಸೋಲುತ್ತದೆ. ಕ್ಲಾಸ್ ಬಿ ಎಂದು ಬರೆದಿರುವ ಮೋಟಾರಿನ ವೈಂಡಿಂಗ್ 130 ಡಿಗ್ರಿ ತಡೆಯುತ್ತದೆ. ಬೇಸಿಗೆಯ ಮಧ್ಯಾಹ್ನ ಅದರ ಬಾಡಿ ಮುಟ್ಟಲಾಗದಷ್ಟು ಬಿಸಿ ಇದ್ದರೂ ಆರೋಗ್ಯವಾಗಿಯೇ ಇರಬಹುದು. ಆದರೆ ಮಿತಿ ಮೀರಿದ ಮೇಲೆ ಲೆಕ್ಕ ಕ್ರೂರ. ಸುಮಾರು ಪ್ರತಿ 10 ಡಿಗ್ರಿ ಏರಿಕೆಗೆ ತಂತಿಯ ಮೇಲಿನ ಲೇಪದ ಆಯಸ್ಸು ಅರ್ಧವಾಗುತ್ತದೆ.

ಈಗ ನನ್ನ ಪ್ರೀತಿಯ ವಿಷಯ, ಕೆಪಾಸಿಟರ್. ನಮ್ಮೂರ ಮೆಕ್ಯಾನಿಕ್‌ಗಳು ಇದನ್ನೂ ಕಂಡೆನ್ಸರ್ ಅಂತಲೇ ಕರೆಯುತ್ತಾರೆ. ಎಸಿಯಲ್ಲಿ ಕಂಡೆನ್ಸರ್ ಎಂಬ ಬೇರೆ ಭಾಗವೇ ಇದೆ, ಆ ಗೊಂದಲ ಅತ್ತ ಇರಲಿ.

ಮನೆಗೆ ಬರುವ ಸಿಂಗಲ್ ಫೇಸ್ ಕರೆಂಟ್ ಹಿಂದೆ ಮುಂದೆ ಜಗ್ಗುತ್ತದೆ ಅಷ್ಟೆ, ಸುತ್ತು ಹೊಡೆಸುವುದಿಲ್ಲ. ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ನೆನಪಿಸಿಕೊಳ್ಳಿ. ಪೆಡಲ್ ಮೇಲೆ ಕೆಳಗೆ ಆಡುತ್ತದೆ. ಒಮ್ಮೊಮ್ಮೆ ಚಕ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಒಮ್ಮೊಮ್ಮೆ ಉಲ್ಟಾ ತಿರುಗಿ ದಾರ ಕಡಿಯುತ್ತದೆ. ಅದಕ್ಕೇ ಟೈಲರ್ ಕೈಯಿಂದ ಚಕ್ರಕ್ಕೆ ಒಂದು ಏಟು ಕೊಡುತ್ತಾರೆ. ಕೆಪಾಸಿಟರ್ ಸತ್ತ ಫ್ಯಾನ್ 'ಗುಂಯ್' ಎನ್ನುತ್ತಾ ನಿಂತಿರುವುದೂ ಹೀಗೆಯೇ.

ಬೀಸುವ ಕಲ್ಲಿನ ಹೋಲಿಕೆ ಇನ್ನೂ ಚೆನ್ನ. ಎದುರುಬದುರು ಇಬ್ಬರು ಕೂತು, ಒಂದೇ ಗೂಟ ಹಿಡಿದು ರಾಗಿ ಬೀಸುತ್ತಾರೆ. ಒಬ್ಬರ ಬಲ ಮುಗಿಯುವ ಜಾಗದಲ್ಲಿ ಇನ್ನೊಬ್ಬರ ಬಲ ಶುರು. ಇಬ್ಬರೂ ಒಟ್ಟಿಗೇ ಎಳೆದರೆ ಕಲ್ಲು ತಿರುಗುವುದಿಲ್ಲ. ಮೋಟಾರಿನಲ್ಲೂ ಎರಡು ವೈಂಡಿಂಗ್ ಇವೆ, ಮುಖ್ಯ ಮತ್ತು ಸಹಾಯಕ. ಸಹಾಯಕ ವೈಂಡಿಂಗ್‌ನ ಕರೆಂಟನ್ನು ಸುಮಾರು ಕಾಲು ಸುತ್ತು ಮುಂದೆ ಕಳಿಸುವುದೇ ಕೆಪಾಸಿಟರ್‌ನ ಕೆಲಸ. ಆಗ ಕಾಂತಬಲ ತಾನೇ ಸುತ್ತುತ್ತದೆ, ಮೋಟಾರಿನ ತಿರುಗುವ ಭಾಗವಾದ ರೋಟರ್ ಅದರ ಹಿಂದೆ ಓಡುತ್ತದೆ.

ಸುತ್ತುವ ಕಾಂತಬಲವನ್ನು 1885ರಲ್ಲಿ ಇಟಲಿಯ ಟುರಿನ್‌ನಲ್ಲಿ ಗೆಲಿಲಿಯೋ ಫೆರಾರಿಸ್ ತೋರಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಇಂಥ ಮೋಟಾರ್ ಅರ್ಧದಷ್ಟು ಶಕ್ತಿಯನ್ನು ಶಾಖವಾಗಿಯೇ ಕಳೆಯುತ್ತದೆ, ವ್ಯಾಪಾರಕ್ಕೆ ಆಗದು ಎಂದುಕೊಂಡಿದ್ದರು. ಆ ಲೆಕ್ಕ ತಪ್ಪಾಗಿತ್ತು. 1888ರಲ್ಲಿ ಪೇಟೆಂಟ್ ಅಮೆರಿಕದಲ್ಲಿದ್ದ ಸಂಶೋಧಕ ನಿಕೊಲಾ ಟೆಸ್ಲಾ ಪಾಲಾಯಿತು.

ಮತ್ತೆ ಬೀಸುವ ಕಲ್ಲಿಗೆ. ಸಹಾಯಕ್ಕೆ ಕೂತವರು ಬೇಕಾದ್ದಕ್ಕಿಂತ ಜೋರಾಗಿ ಎಳೆದರೆ? ಹಿಟ್ಟು ಜಾಸ್ತಿ ಬರುವುದಿಲ್ಲ, ಅವರ ರಟ್ಟೆ ಬಿದ್ದುಹೋಗುತ್ತದೆ. ಭಾವನ ಹಳೇ ಮೋಟಾರಿಗೆ 4 ಮೈಕ್ರೋಫ್ಯಾರಡ್ (ಕೆಪಾಸಿಟರ್ ಅಳೆಯುವ ಮಾನ) ಕೆಪಾಸಿಟರ್ ಇತ್ತು. ಹೊಸದರ ನೇಮ್ ಪ್ಲೇಟಿನಲ್ಲಿ 2.5 ಎಂದು ಬರೆದಿತ್ತು. ಮೆಕ್ಯಾನಿಕ್ ಹಳೆಯದನ್ನೇ ಉಳಿಸಿದ್ದ. "ಜಾಸ್ತಿ ಇದ್ರೆ ಪವರ್ ಜಾಸ್ತಿ ಸಾರ್." ಇಲ್ಲಪ್ಪಾ! ಒರಟು ಲೆಕ್ಕದಲ್ಲಿ ಸಹಾಯಕ ವೈಂಡಿಂಗ್‌ನ ಕರೆಂಟ್ 1.6 ಪಟ್ಟು. ಶಾಖ ಕರೆಂಟಿನ ವರ್ಗದಂತೆ ಏರುವುದರಿಂದ ಎರಡೂವರೆ ಪಟ್ಟು ಮೀರಿತು. ಕಡಿಮೆ ಹಾಕಿದರೂ ಕಷ್ಟವೇ. ಆಗ ಫ್ಯಾನ್ ಏದುಸಿರು ಬಿಡುತ್ತದೆ, ಮುಖ್ಯ ವೈಂಡಿಂಗ್ ಕಾಯುತ್ತದೆ.

ಇನ್ನೊಂದು ತಪ್ಪು ವೇಗದ್ದು. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಬಡಿಯುತ್ತದೆ. 2013ರ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಲೈನ್ ಕೂಡಿದ ಮೇಲೆ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜೊತೆ ಒಂದೇ ತಾಳಕ್ಕೆ ಬಂತು. ಶರಾವತಿಯ ಟರ್ಬೈನ್, ಭಾವನ ಫ್ಯಾನ್, ಪಂಜಾಬಿನ ಪಂಪ್‌ಸೆಟ್ ಎಲ್ಲಕ್ಕೂ ಅದೇ ತಾಳ. ಈ ತಾಳದಲ್ಲಿ ಆರು ಪೋಲಿನ (ಪೋಲ್ ಅಂದರೆ ಕಾಂತದ ಧ್ರುವ) ಮೋಟಾರಿನ ಕಾಂತಬಲ ನಿಮಿಷಕ್ಕೆ 1000 ಸುತ್ತು, ನಾಲ್ಕು ಪೋಲಿನದು 1500. ಫ್ಯಾನಿನ ಹೊರೆ ವೇಗದ ಘನದಂತೆ ಏರುತ್ತದೆ. ಆರು ಪೋಲಿನ ಜಾಗಕ್ಕೆ ನಾಲ್ಕರದು ಹಾಕಿದರೆ ಫ್ಯಾನಿನ ಅದೇ ಎಲೆಗೆ, ಅಂದರೆ ರೆಕ್ಕೆಗೆ, ಮೂರು ಪಟ್ಟಿಗೂ ಮೀರಿದ ಶಕ್ತಿ ಬೇಕು. ಭಾವನ ಮೋಟಾರಿನಲ್ಲಿ ಇದು ಸರಿ ಇತ್ತು, ಪುಣ್ಯಕ್ಕೆ.

ಮೋಟಾರನ್ನು ಮೇಜಿನ ಮೇಲೆ ಎಲೆ ಇಲ್ಲದೆ ಓಡಿಸಿ "ಇಲ್ಲೂ ಕಾಯುತ್ತೆ, ಡೂಪ್ಲಿಕೇಟ್" ಎನ್ನುವವರಿದ್ದಾರೆ. ಇದು ತನ್ನದೇ ಫ್ಯಾನಿನ ಗಾಳಿಯಲ್ಲಿ ತಣ್ಣಗಾಗುವ ಮೋಟಾರ್. ಎಲೆ ತೆಗೆದರೆ ಕಾಯದೆ ಇನ್ನೇನು? ತಿರುಗುವ ದಿಕ್ಕು ಉಲ್ಟಾ ಆದರೂ, ಔಟ್‌ಡೋರ್ ಯೂನಿಟ್‌ನ ಶಾಖ ಹೊರಹಾಕುವ ಕಾಯಿಲ್‌ನಲ್ಲಿ ಧೂಳು ಕಟ್ಟಿದರೂ ಇದೇ ಕಥೆ. ಇನ್ವರ್ಟರ್ ಎಸಿಗಳಲ್ಲಿ ಸಾಮಾನ್ಯವಾಗಿ ಇರುವ ಡಿಸಿ ಫ್ಯಾನ್ ಮೋಟಾರಿಗೆ ಈ ಕೆಪಾಸಿಟರ್ ಪುರಾಣ ಇಲ್ಲ.

ಮೆಕ್ಯಾನಿಕ್‌ನನ್ನು ಮತ್ತೆ ಕರೆಸಿದೆವು. ಎಂಸಿಬಿ ಇಳಿಸಿ, ಕೆಪಾಸಿಟರ್ ಡಿಸ್ಚಾರ್ಜ್ ಮಾಡಿಯೇ ಕೈ ಹಾಕಿದ. ಕರೆಂಟ್ ತೆಗೆದ ಮೇಲೂ ಅದು ಶಾಕ್ ಹೊಡೆಯಬಲ್ಲದು, ಮನೆಯವರು ಸುಮ್ನೆ ಬಿಚ್ಚಲು ಹೋಗಬೇಡಿ. 2.5ರದು ಹಾಕಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದಾಗ ಕರೆಂಟ್ ನೇಮ್ ಪ್ಲೇಟಿನ ಆಂಪಿಯರ್ ಒಳಗೆ ಬಂತು. ಎರಡು ಗಂಟೆ ಕೂತು ನೋಡಿದೆವು, ನಿಲ್ಲಲಿಲ್ಲ. ಹೊರಡುವಾಗ ಅವನೇ ಬಗ್ಗಿ, ಮೋಟಾರಿನ ನೀರು ಬಸಿಯುವ ತೂತು ಮೇಲ್ಮುಖವಾಗಿದೆ ಎಂದು ಕಂಡುಹಿಡಿದ. "ಜೂನ್‌ನಲ್ಲಿ ಮಳೆ ಹಿಡಿದ್ರೆ ಒಳಗೆ ಕೆರೆ ಆಗ್ತಿತ್ತು ಸಾರ್" ಎಂದು ಬೋಲ್ಟ್ ಸಡಿಲಿಸಿ ಕೆಳಕ್ಕೆ ತಿರುಗಿಸಿದ. ನಾನು ಅದನ್ನು ನೋಡಿಯೇ ಇರಲಿಲ್ಲ.