ಜಿಐ ಪೈಪ್ ಶೆಲ್ಫ್‌ಗೆ ಹೊಡೆದ ಬಣ್ಣ ಯಾಕೆ ಸುಲಿದು ಬರುತ್ತದೆ?

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಜಿಐ ಪೈಪ್, ಎಲ್ಬೋ, ಫ್ಲ್ಯಾಂಜ್ (ಗೋಡೆಗೆ ಸ್ಕ್ರೂ ಹಾಕಿ ಕೂರಿಸುವ ತಟ್ಟೆ) ತಂದು ಹಾಲ್‌ನಲ್ಲಿ ಪುಸ್ತಕದ ಶೆಲ್ಫ್ ಮಾಡಿದೆವು. ರೆಡ್ ಆಕ್ಸೈಡ್ ಹೊಡೆದು, ಮೇಲೆ ಕಪ್ಪು ಎನಾಮಲ್ ಹಚ್ಚಿದೆವು. ಮಳೆಗಾಲ ಮುಗಿಯುವಷ್ಟರಲ್ಲಿ ಬಣ್ಣ ಹಾಳೆ ಹಾಳೆಯಾಗಿ ಏಳುತ್ತಿದೆ. ಇನ್ನೊಂದು ಕೋಟ್ ಹೊಡೆದರೆ ಸರಿಹೋಗುತ್ತದಾ?

ಉತ್ತರ: ಸರಿಹೋಗಲ್ಲ. ಕೆಳಗಿನ ಕೋಟ್ ಬಿಟ್ಟುಕೊಂಡಾಗ ಮೇಲಿನದೂ ಅದರ ಜೊತೆಗೇ ಬರುತ್ತದೆ. ಪೇಂಟ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ತಕರಾರು ಇರುವುದು ಪೈಪಿನ ಮೈಮೇಲಿರುವ ಸತುವಿನದು.

ಜಿಐ ಪೈಪ್ ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ ಉಕ್ಕಿನ ಪೈಪ್. ತುಕ್ಕು ತಡೆಯುವುದು ಈ ಸತುವೇ. ಆದರೆ ಎಣ್ಣೆ ಪೇಂಟಿಗೂ ಸತುವಿಗೂ ಆಗಿಬರಲ್ಲ. ಮಾಮೂಲಿ ಎನಾಮಲ್‌ನಲ್ಲಿ ಬಣ್ಣವನ್ನು ಹಿಡಿದಿಡುವ ಅಂಟು ಆಲ್ಕಿಡ್. ಅದರಲ್ಲಿ ಎಣ್ಣೆಯ ಅಂಶ ಇರುತ್ತದೆ. ಗಾಳಿಯ ತೇವ ಪೇಂಟಿನೊಳಗೆ ಇಳಿದು ಸತುವನ್ನು ಮುಟ್ಟಿದಾಗ ಅಲ್ಲಿ ಸ್ವಲ್ಪ ಕ್ಷಾರ ಹುಟ್ಟುತ್ತದೆ. ಕ್ಷಾರವೂ ಎಣ್ಣೆಯೂ ಸೇರಿದರೆ ಸೋಪು ತಾನೇ? ಪೇಂಟಿನ ಅಡಿಯಲ್ಲಿ ಆಗುವುದೂ ಅದೇ. ಸತುವಿನ ಸೋಪಿನ ತೆಳು ಪದರ ಕೂತು, ಬಣ್ಣಕ್ಕೆ ಹಿಡಿತ ತಪ್ಪುತ್ತದೆ. ಮಳೆಗಾಲದಲ್ಲಿ ತೇವ ಜಾಸ್ತಿ, ಹಾಗಾಗಿ ಆಗಲೇ ಬೇಗ ಏಳುತ್ತದೆ.

ರೆಡ್ ಆಕ್ಸೈಡ್ ಹೊಡೆದಿದ್ದೆವಲ್ಲ ಅಂತ ನೀವು ಕೇಳಬಹುದು. ಗೇಟು, ಕಿಟಕಿ ಸರಳುಗಳಿಗೆ ಅದು ಸರಿಯಾದದ್ದೇ. ಅಲ್ಲಿ ಬರೀ ಕಬ್ಬಿಣ ಇರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಸಾಮಾನ್ಯ ರೆಡ್ ಆಕ್ಸೈಡ್ ಕೂಡ ಆಲ್ಕಿಡ್ ಜಾತಿಯದೇ. ಸತುವಿನ ಮೇಲೆ ಅದಕ್ಕೂ ಅದೇ ಗತಿ. ಎಷ್ಟೋ ಪೇಂಟರ್‌ಗಳು ಲೋಹ ಕಂಡರೆ ಸಾಕು, ಕೆಂಪು ಡಬ್ಬ ತೆರೆಯುತ್ತಾರೆ. ಏನು ಮಾಡುವುದು!

ಈಗ ನಿಮ್ಮ ಶೆಲ್ಫ್‌ಗೆ ಬರೋಣ. ಏಳುತ್ತಿರುವ ಬಣ್ಣವನ್ನಷ್ಟೇ ಕೆರೆದರೆ ಸಾಲದು, ಎಲ್ಲವನ್ನೂ ತೆಗೆಯಬೇಕು. ಪೇಂಟ್ ರಿಮೂವರ್ ಹಚ್ಚಿ ತೆಗೆಯಿರಿ. ಗ್ರೈಂಡರ್ ಬೇಡ, ಸತುವೇ ಹೋಗಿಬಿಡುತ್ತದೆ. ಆಮೇಲೆ ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ಒರೆಸಿ, ನಯವಾದ ಉಪ್ಪುಕಾಗದದಲ್ಲಿ ಹೊಳಪು ಮಾಯವಾಗುವಷ್ಟು ಮಾತ್ರ ಉಜ್ಜಿ. ಅಂಗಡಿಯಲ್ಲಿ ಜಿಐಗೆ ಆಗುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಕೇಳಿ. ಇವು ಹೆಚ್ಚಾಗಿ ಎರಡು ಡಬ್ಬದಲ್ಲಿ ಬರುತ್ತವೆ. ಬೆರೆಸಿದ್ದನ್ನು ಆವತ್ತೇ ಮುಗಿಸಬೇಕು, ಕಿಟಕಿ ತೆರೆದಿಟ್ಟು ಹಚ್ಚಬೇಕು. ಅದು ಒಣಗಿದ ಮೇಲೆ ನಿಮಗಿಷ್ಟದ ಕಪ್ಪು ಹೊಡೆಯಿರಿ.

ನನ್ನ ಮಾತು ಕೇಳುವುದಾದರೆ, ಬಣ್ಣವೇ ಬೇಡ. ಜಿಐನ ಬೂದು ಬಣ್ಣ ತೇಗದ ಹಲಗೆಗೂ, ಹಳೇ ಹಲಸಿನ ಹಲಗೆಗೂ ಚೆನ್ನಾಗಿ ಒಪ್ಪುತ್ತದೆ. ಈ ಕಪ್ಪು ಪೈಪಿನ ಶೋಕಿ ಅಮೆರಿಕದ್ದು. ಅಲ್ಲಿ ಮನೆಯ ಗ್ಯಾಸ್ ಲೈನಿಗೆ ಸತು ಇಲ್ಲದ ಕಪ್ಪು ಪೈಪ್ ಬಳಸುತ್ತಾರೆ, ಶೆಲ್ಫ್ ಮಾಡುವವರೂ ಅದನ್ನೇ ತರುತ್ತಾರೆ. ನಮ್ಮಲ್ಲಿ ಪ್ಲಂಬಿಂಗ್ ಕೌಂಟರ್‌ನಲ್ಲಿ ಸಿಗುವುದು ಜಿಐ. ಕಪ್ಪೇ ಬೇಕು ಅನ್ನುವವರು ಕಬ್ಬಿಣದ ಅಂಗಡಿಯಲ್ಲಿ ಎಂಎಸ್ ಪೈಪ್, ಅಂದರೆ ಸತು ಇಲ್ಲದ ಬರೀ ಉಕ್ಕಿನ ಪೈಪ್ ಕೇಳಿದರೆ ಆಯಿತು. ಅದಕ್ಕೆ ರೆಡ್ ಆಕ್ಸೈಡ್, ಎನಾಮಲ್ ಎರಡೂ ನಿಲ್ಲುತ್ತವೆ.

ಬಣ್ಣ ಹೊಡೆಯದಿದ್ದರೂ ಒಂದು ಜಾಗ ನೋಡಿಕೊಳ್ಳಿ. ಥ್ರೆಡ್ ಹಾಕಿದ ಕಡೆ, ಅದನ್ನು ಕೊರೆಯುವ ಉಪಕರಣ (ಡೈ) ಸತುವನ್ನು ಕತ್ತರಿಸಿರುತ್ತದೆ. ಜಿಐ ಶೆಲ್ಫ್‌ನಲ್ಲಿ ತುಕ್ಕು ಶುರುವಾಗುವುದೇ ಅಲ್ಲಿ. ಫಿಟ್ಟಿಂಗ್ ಬಿಗಿ ಮಾಡಿದ ಮೇಲೆ ಹೊರಗೆ ಉಳಿದ ಥ್ರೆಡ್‌ಗೆ ಜಿಂಕ್ ಸ್ಪ್ರೇ ಹೊಡೆಯಿರಿ. ಮಂಗಳೂರು, ಉಡುಪಿ ಕಡೆಯವರು ಇದನ್ನು ಬಿಡಲೇಬೇಡಿ. ಉಪ್ಪುಗಾಳಿ ಬಹಳ ಬೇಗ ಕೆಲಸ ಮಾಡುತ್ತದೆ.

ಥ್ರೆಡ್ ಯಾಕೆ, ವೆಲ್ಡಿಂಗ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸುಟ್ಟ ಸತುವಿನ ಬಿಳಿ ಹೊಗೆ ಕುಡಿದರೆ ಕೆಲವು ಗಂಟೆಗಳಲ್ಲೇ ಚಳಿಜ್ವರ ಬರುತ್ತದೆ. ಇದೇ ಪೈಪಿನಲ್ಲಿ ಟೇಬಲ್ ಲ್ಯಾಂಪ್ ಮಾಡುವವರು ಒಳ ಅಂಚನ್ನು ಅರದಲ್ಲಿ ಉಜ್ಜಿ ವೈರ್ ಎಳೆಯಲಿ, ಪೈಪಿಗೆ ಅರ್ಥ್ ಕೊಟ್ಟು ಮೂರು ಪಿನ್ ಪ್ಲಗ್ ಹಾಕಲಿ.

ಬಣ್ಣ ತೆಗೆಯಲು ಪೈಪನ್ನು ಹೇಗೂ ಬಿಚ್ಚುತ್ತೀರಲ್ಲ, ಫ್ಲ್ಯಾಂಜ್ ಸ್ಕ್ರೂಗಳನ್ನೂ ಪರೀಕ್ಷಿಸಿ. ಪುಸ್ತಕದ ಭಾರ ಸುಮ್ನೆ ಅಲ್ಲ. ಸಿಮೆಂಟ್ ಗಾರೆಯಲ್ಲಷ್ಟೇ ಕೂತ ಸ್ಕ್ರೂ ಇವತ್ತಲ್ಲ ನಾಳೆ ಕಿತ್ತು ಬರುತ್ತದೆ. ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗುವಷ್ಟು ಉದ್ದದ ವಾಲ್ ಪ್ಲಗ್ ಇರಲಿ. ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಮಾಮೂಲಿ ಪ್ಲಗ್ ಹಿಡಿಯಲ್ಲ, ಅದಕ್ಕೆಂದೇ ಬರುವ ಆಂಕರ್ ತನ್ನಿ.