'ಸಾಯೋಕೆ ತಯಾರಾಗು' ಅಂದರೆ ಅಮೆರಿಕನ್ನರು ನಗುವುದೇಕೆ?

ಪ್ರಶ್ನೆ: ನಮ್ಮ ಟೀಮಿನಲ್ಲಿರುವ ಅಮೆರಿಕನ್ ಒಬ್ಬರ ಕಾಫಿ ಮಗ್ಗಿನ ಮೇಲೆ 'ನನ್ನಪ್ಪನನ್ನು ಕೊಂದವನು ನೀನು, ಸಾಯೋಕೆ ತಯಾರಾಗು' ಎಂಬರ್ಥದ ಇಂಗ್ಲಿಷ್ ಸಾಲಿದೆ. ನೋಡಿದವರೆಲ್ಲ ನಗುತ್ತಾರೆ. ಕೊಲೆ, ಸೇಡಿನ ಮಾತಿನಲ್ಲಿ ನಗುವಂಥದ್ದೇನಿದೆ?

ಉತ್ತರ: ಆ ಸಾಲು 1987ರ 'ದಿ ಪ್ರಿನ್ಸೆಸ್ ಬ್ರೈಡ್' ಚಿತ್ರದ್ದು. ವಿಲಿಯಂ ಗೋಲ್ಡ್‌ಮನ್ 1973ರಲ್ಲಿ ಬರೆದ ಕಾದಂಬರಿಗೆ ಅವರದೇ ಚಿತ್ರಕಥೆ, ರಾಬ್ ರೈನರ್ ನಿರ್ದೇಶನ. ಪೂರ್ತಿ ಮಾತು ಹೀಗಿದೆ: "ಹಲೋ. ನನ್ನ ಹೆಸರು ಇನೀಗೋ ಮೊಂಟೋಯಾ. ನನ್ನಪ್ಪನನ್ನು ಕೊಂದವನು ನೀನು. ಸಾಯೋಕೆ ತಯಾರಾಗು."

ನಗು ಹುಟ್ಟುವುದು ಆ 'ಹಲೋ'ದಲ್ಲಿ. ಅಪ್ಪನ ಸೇಡು ನಮ್ಮ ಸಿನಿಮಾಗಳಿಗೂ ಹಳೇ ಸರಕೇ. ಆದರೆ ನಮ್ಮ ಹೀರೋ ಮಚ್ಚು ಎತ್ತುವ ಮುಂಚೆ ನಮಸ್ಕಾರ ಹೇಳಿ ಪರಿಚಯ ಮಾಡಿಕೊಳ್ಳುವುದಿಲ್ಲವಲ್ಲ! ಅಮೆರಿಕದ ಸಭೆ ಸಮಾರಂಭಗಳಲ್ಲಿ 'ಹಲೋ, ನನ್ನ ಹೆಸರು' ಎಂದು ಅಚ್ಚಾದ ಸ್ಟಿಕ್ಕರ್ ಎದೆಗೆ ಅಂಟಿಸಿಕೊಳ್ಳುವ ರೂಢಿಯಿದೆ. ಅದರ ಖಾಲಿ ಜಾಗದಲ್ಲಿ ಇನೀಗೋ ಹೆಸರು ತುಂಬಿ, ಕೆಳಗೆ ಬೆದರಿಕೆ ಬರೆದ ಟೀ ಶರ್ಟುಗಳು ಬಂದವು. 'ಆಫೀಸ್ ಇಮೇಲ್ ಬರೆಯುವುದನ್ನು ಇವನಿಂದ ಕಲಿಯಿರಿ' ಎಂಬ ಮೀಮ್ ಬಂತು: ವಂದನೆ, ಹೆಸರು, ನಮ್ಮಿಬ್ಬರ ಸಂಬಂಧ, ಮುಂದೆ ಆಗಬೇಕಾದ ಕೆಲಸ. 2013ರಲ್ಲಿ ಕ್ವಾಂಟಾಸ್ ವಿಮಾನವೊಂದರಲ್ಲಿ ಈ ಟೀ ಶರ್ಟ್ ತೊಟ್ಟಿದ್ದ ಪ್ರಯಾಣಿಕನಿಗೆ, ಬೇರೆಯವರು ಹೆದರುತ್ತಾರೆ, ಬದಲಾಯಿಸಿ ಎಂದು ಸಿಬ್ಬಂದಿ ಕೇಳಿದ್ದು ಸುದ್ದಿಯಾಗಿತ್ತು.

ಚಿತ್ರದೊಳಗೆ ಮಾತ್ರ ಅದು ಬರೀ ಜೋಕ್ ಅಲ್ಲ. ಇನೀಗೋನ ಅಪ್ಪ ಕತ್ತಿ ಮಾಡುವವನು. ಬಲಗೈಯಲ್ಲಿ ಆರು ಬೆರಳಿರುವ ದೊಡ್ಡ ಮನುಷ್ಯನೊಬ್ಬ ಕತ್ತಿ ಮಾಡಿಸಿ, ಒಪ್ಪಿದ ಬೆಲೆಯಲ್ಲಿ ಹತ್ತನೇ ಒಂದು ಪಾಲು ಮಾತ್ರ ಕೊಡಲು ಬರುತ್ತಾನೆ. ಅಪ್ಪ ಒಪ್ಪದಿದ್ದಾಗ ಆ ಮನುಷ್ಯ ಅವನನ್ನು ಕೊಂದುಬಿಡುತ್ತಾನೆ. ಎದುರು ನಿಂತ 11 ವರ್ಷದ ಹುಡುಗನ ಎರಡೂ ಕೆನ್ನೆ ಸೀಳಿ ಬಿಡುತ್ತಾನೆ. ಆಮೇಲೆ 20 ವರ್ಷ ಕತ್ತಿವರಸೆಯ ಅಭ್ಯಾಸ. ಅವನು ಸಿಕ್ಕ ದಿನ ಏನನ್ನಬೇಕು ಎಂಬುದೂ ಬಾಯಿಪಾಠ.

ಆ ದಿನ ಬಂದಾಗ ಕೊಲೆಗಾರ ಎಸೆದ ಚಾಕು ಹೊಟ್ಟೆಗೆ ನೆಟ್ಟು ಇನೀಗೋ ಗೋಡೆಗೊರಗಿ ಕುಸಿಯುತ್ತಾನೆ. ಮತ್ತೆ ಏಳುತ್ತಾನೆ. ಅದೇ ಮಾತು, ಮೊದಲು ಉಸಿರು ಸಾಲದೆ ಮೆಲ್ಲಗೆ, ಆಮೇಲೆ ಜೋರಾಗಿ, ಇನ್ನೂ ಜೋರಾಗಿ. "ಅದನ್ನು ಹೇಳೋದು ನಿಲ್ಲಿಸು!" ಎಂದು ಕೊಲೆಗಾರ ಅರಚುತ್ತಾನೆ. ದುಡ್ಡು, ಅಧಿಕಾರ, ಕೇಳಿದ್ದೆಲ್ಲ ಕೊಡುತ್ತೇನೆ ಎಂದು ಅಂಗಲಾಚುತ್ತಾನೆ. ಇನೀಗೋ ಕೇಳುವುದು ಒಂದೇ: ನನ್ನಪ್ಪನನ್ನು ವಾಪಸ್ ಕೊಡು. ನನ್ನ ಮಟ್ಟಿಗೆ ಚಿತ್ರದ ಜೀವ ಇರುವುದು ಇಲ್ಲಿ, ಮಗ್ಗಿನ ಸಾಲಿನಲ್ಲಲ್ಲ.

ಆ ಪಾತ್ರ ಮಾಡಿದ ಮ್ಯಾಂಡಿ ಪಟಿಂಕಿನ್ ಅವರ ತಂದೆ 1972ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಆರು ಬೆರಳಿನವನನ್ನು ಕೊಂದರೆ ಅಪ್ಪ ಮರಳಿ ಬರುತ್ತಾರೆ ಎಂದುಕೊಂಡೇ ನಟಿಸಿದೆ ಎಂದು ಅವರು ಹೇಳಿಕೊಂಡಿದ್ದಾರೆ. 2021ರಲ್ಲಿ, ತಂದೆಯನ್ನು ಕಳೆದುಕೊಂಡಿದ್ದ ಯುವತಿಯೊಬ್ಬಳು ಇದು ನಿಜವೇ ಎಂದು ಟಿಕ್‌ಟಾಕ್‌ನಲ್ಲಿ ಕೇಳಿದಾಗ, ಅಳುತ್ತಲೇ ಹೌದೆಂದ ಅವರ ವಿಡಿಯೊ ಬಹಳ ಜನರನ್ನು ತಲುಪಿತು.

ಥಿಯೇಟರಿನಲ್ಲಿ ಚಿತ್ರದ ಗಳಿಕೆ ಸಾಧಾರಣ. ಮನೆಮನೆಗೆ ಹೊಕ್ಕಿದ್ದು ವಿಡಿಯೊ ಕ್ಯಾಸೆಟ್ಟಿನಿಂದ.

ಪಟಿಂಕಿನ್ ಅವರಿಗೆ ಇಷ್ಟವಾದ ಮಾತು ಬೇರೆಯೇ. ಎಲ್ಲ ಮುಗಿದ ಮೇಲೆ ಇನೀಗೋ ಹೇಳುತ್ತಾನೆ: ಇಷ್ಟು ಕಾಲ ಸೇಡಿನ ಕಸುಬಿನಲ್ಲೇ ಇದ್ದೆ, ಅದೂ ಮುಗಿಯಿತು, ಉಳಿದ ಬದುಕಿಗೆ ಏನು ಮಾಡಲಿ? ಅಧ್ಯಕ್ಷ ಸ್ಥಾನದ ಉಮೇದುವಾರಿಕೆಗೆ ಓಡಾಡುತ್ತಿದ್ದ ಸೆನೆಟರ್ ಟೆಡ್ ಕ್ರೂಸ್ ಈ ಚಿತ್ರದ ಡೈಲಾಗುಗಳನ್ನು ಉದುರಿಸುತ್ತಿದ್ದಾಗ, 2015ರಲ್ಲಿ ಪಟಿಂಕಿನ್ ಕೇಳಿಕೊಂಡದ್ದು ಇಷ್ಟೇ: ಈ ಸಾಲನ್ನೂ ಒಮ್ಮೆ ಹೇಳಿ.